ಸೆಲಿನ್ ಬಾಯಿ ಕಲಿಸಿದ ಜಪ

ಇರಾಕಿ ಸೈನಿಕರು ಕುವೈತಿಗೆ ನುಗ್ಗಿದ ಆ ದಿನಗಳಲ್ಲಿ ನನಗೆ ಹತ್ತು ವರ್ಷ. ಶಾಲೆ ತೆರೆಯುವುದಿಲ್ಲವೆಂದು ಒಳಗೊಳಗೇ ಖುಷಿಪಟ್ಟವಳು ನಾನು; ಈಗ ಹೇಳಿಕೊಳ್ಳಲು ನಾಚಿಕೆ. ಸಾಲ್ಮಿಯಾದ ನಮ್ಮ ಫ್ಲ್ಯಾಟಿನಲ್ಲಿ ಮೂರು ಹೊತ್ತೂ ಬೇಳೆ ಸಾರಿನ ವಾಸನೆ. ಬೇರೇನೂ ಸಿಗುತ್ತಿರಲಿಲ್ಲ.

ಸಂಜೆಯ ಜಪಮಾಲೆ ಪ್ರಾರ್ಥನೆ ಮುಗಿದ ಮೇಲೆ ಎದುರು ಫ್ಲ್ಯಾಟಿನ ನರ್ಸ್ ಸೆಲಿನ್ ಬಾಯಿ ಊರಿಂದ ತಂದಿದ್ದ ಒಂದು ಪುಸ್ತಕವನ್ನು ನನಗೆ ಓದಿ ಹೇಳುತ್ತಿದ್ದರು. ನಾಜಿಗಳ ಶಿಬಿರದಲ್ಲಿ ಬದುಕುಳಿದ ಯೆಹೂದಿ ಲೇಖಕನೊಬ್ಬನ ಜೀವನ ಅದು. ಮನೆಮಂದಿಯನ್ನೆಲ್ಲ ಕಳೆದುಕೊಂಡ ಹುಡುಗ. ಶಿಬಿರದಲ್ಲಿ ಕಾಗದವಿಲ್ಲ. ಕಂಡದ್ದನ್ನೆಲ್ಲ ಬಾಯಿಪಾಠ ಮಾಡಿಟ್ಟುಕೊಂಡು ಎಷ್ಟೋ ವರ್ಷದ ಮೇಲೆ ಬರೆದ. ಅವನು ಬರೆಯಲು ಕೂತ ಪುಟ ಬಂದಾಗ ನಾನು ಚಪ್ಪಾಳೆ ತಟ್ಟಿದ್ದೆ.

ಅವನಂತೆ ನಾನೂ ಕಂಡದ್ದನ್ನು ಬರೆಯತೊಡಗಿದೆ: ಕೆಳಗಿನ ಅಂಗಡಿಯ ಗಾಜು ಒಡೆದದ್ದು, ಪಕ್ಕದ ಮನೆಯ ಕುವೈತಿ ಗೆಳತಿ ನೂರಾಳ ಅಣ್ಣನನ್ನು ಸೈನಿಕರು ಎಳೆದೊಯ್ದದ್ದು. ನಾವು ಬಸ್ಸಿನಲ್ಲಿ ಊರಿಗೆ ಹೊರಡುವುದು ನಿಶ್ಚಯವಾದಾಗ ಪಪ್ಪ ಆ ನೋಟ್‌ಬುಕ್ ಕಂಡು ಬೆವತುಹೋದರು.

"ಚೆಕ್‌ಪೋಸ್ಟಲ್ಲಿ ಇದು ಸಿಕ್ಕಿದ್ರೆ ನಾವು ಖಲಾಸ್, ಮಗಳೇ," ಎಂದು ಸುಟ್ಟೇಬಿಟ್ಟರು.

ನಾನು ಅತ್ತು ರಂಪ ಮಾಡಿದೆ. ಸೆಲಿನ್ ಬಾಯಿ ನನ್ನ ಜಪಮಾಲೆಯನ್ನು ಕೈಗಿಟ್ಟರು. "ಶಿಬಿರದಲ್ಲಿ ಅವನ ಹತ್ರ ಕಾಗದ ಎಲ್ಲಿತ್ತು ಮಾರಾಯ್ತಿ? ಒಂದೊಂದು ಮಣಿಗೆ ಒಂದೊಂದು ಸಂಗತಿ ಇಡು. ದೇವರು ಬೇಜಾರು ಮಾಡುದಿಲ್ಲ."

ಅವರು ಆಸ್ಪತ್ರೆ ಬಿಟ್ಟು ಬರಲಿಲ್ಲ. ಬಾಗ್ದಾದ್ ದಾಟಿ ಜೋರ್ಡಾನ್ ಸೇರುವವರೆಗೂ ನಾನು ಮಣಿ ಎಣಿಸುತ್ತ ತುಟಿ ಅಲ್ಲಾಡಿಸುತ್ತಲೇ ಇದ್ದೆ. ಮಮ್ಮಿಗೆ ಹಿಗ್ಗೋ ಹಿಗ್ಗು. "ನಮ್ಮದು ಕಾನ್ವೆಂಟಿನ ಸಿಸ್ಟರ್ ಆಗ್ತದೆ ನೋಡಿ," ಎಂದು ಪಕ್ಕದ ಸೀಟಿನವರಿಗೆ ಹೇಳಿದರು. ಚೆಕ್‌ಪೋಸ್ಟಿನ ಸೈನಿಕ ನಮ್ಮ ಚಪ್ಪಲಿಯನ್ನೂ ಬಿಡದೆ ಜಾಲಾಡಿದ. ಕೊನೆಗೆ ನನ್ನ ಮಾಲೆ ಎತ್ತಿ ನೋಡಿದ. ಅವನು ಅದನ್ನು ಹಿಂದಕ್ಕೆ ಕೊಟ್ಟು "ಯಲ್ಲಾ" ಎಂದು ಮುಂದೆ ಹೋಗಲು ಕೈಮಾಡಿದ.

ಮಂಗಳೂರು ಮುಟ್ಟಿದ ಮರುದಿನವೇ ಎಲ್ಲ ಬರೆದೆ. ಮುಂದಿನ ವರ್ಷ ಯುದ್ಧ ಮುಗಿದ ಮೇಲೆ ಸೆಲಿನ್ ಬಾಯಿಯ ಪತ್ರ ಬಂತು: ನೂರಾಳ ಅಣ್ಣ ಮರಳಿಲ್ಲ, ಆ ದಿನ ಮನೆಯವರೆಲ್ಲ ರೊಟ್ಟಿಯ ಸಾಲಿನಲ್ಲಿದ್ದರು, ಏನಾಯಿತೆಂದು ಕಂಡವರಿಲ್ಲ. ನಾನು ಅಡುಗೆಮನೆಯ ಕಿಟಕಿಯಿಂದ ಕಂಡಿದ್ದೆ. ಆ ಪುಟವನ್ನು ಹರಿದು ಕಳಿಸಿದೆ. "ನೂರಾ ಓದಿಸಿ ಕೇಳಿದಳು," ಎಂದು ಬಾಯಿ ಬರೆದರು, "ಅತ್ತಳು, ಆಮೇಲೆ ನಕ್ಕಳು. ಇನ್ನೂ ಇದ್ದರೆ ಕಳಿಸಬೇಕಂತೆ."

ಈಗ ಸೆಲಿನ್ ಬಾಯಿ ಇಲ್ಲ, ಅವರ ದನಿಯೂ ನನ್ನ ಕಿವಿಯಿಂದ ಹೋಗಿದೆ. ಎಷ್ಟೋ ಮಣಿಗಳು ಖಾಲಿ. ಆದರೆ ಹಳದಿ ಅಂಗಿಯ ಆ ಅಣ್ಣ ಜೀಪು ಹತ್ತುವ ಮುಂಚೆ ತಲೆಯೆತ್ತಿ, ಕಿಟಕಿಯಲ್ಲಿದ್ದ ನನಗೆ ಕೈ ಬೀಸಿದ್ದನ್ನು ಇಂದಿಗೂ ನೂರಾ, ನಾನು ಇಬ್ಬರು ಬಲ್ಲೆವು.