ಅವಸರದಲ್ಲಿ ಸುತ್ತಿದ ಗೋಣಿ

ಆಗ ನನಗೆ ಐವತ್ತು. ಮೂವತ್ತು ವರ್ಷದ ಹಿಂದಿನ ಮಾತು. ನಾಶಿಕದ ಸಾತಪುರದಲ್ಲಿ ಫ್ಯಾಕ್ಟರಿ ಕಟ್ಟುವ ಕಡೆ ಹೊಸ ಸಿಮೆಂಟು ಬಿಗಿದ ಮೇಲೆ ಒದ್ದೆ ಗೋಣಿ ಸುತ್ತಿ ನೀರು ಹಾಕುವ ಕೂಲಿ ಹೆಂಗಸು ನಾನು. ಅಲ್ಲಿಗೆ ಒಬ್ಬ ಬಾಯಾರು, ಅಂದರೆ ಟೀಚರಮ್ಮ, ನನ್ನನ್ನು ಹುಡುಕಿಕೊಂಡು ಬಂದರು. ಔರಂಗಾಬಾದಿನ ಕಾಲೇಜಿನಲ್ಲಿ, ಈಗ ಸಂಭಾಜಿನಗರವಂತೆ, ಕಲೆಯ ಚರಿತ್ರೆ ಕಲಿಸುವವರು. ಧಾರವಾಡ ಕಡೆಯ ಬ್ಯಾಂಕ್ ಸಾಹೇಬರ ಮಗಳು. ಕನ್ನಡ ತಿಳಿಯುತ್ತಿತ್ತು, ಬಾಯಿ ತೆರೆದರೆ ಅರ್ಧ ಮರಾಠಿ.

ತೀರಿಹೋದ ಒಬ್ಬ ಶಿಲ್ಪಿಯ ಬಗ್ಗೆ ಅವರು ಪುಸ್ತಕ ಬರೆಯುತ್ತಿದ್ದರು. ಅವನ ಷೆಡ್ಡಿನಲ್ಲಿ ನಾನು ಆರು ವರ್ಷ ಸಿಮೆಂಟು ಕಲಸಿದ್ದೆ. ಅವನ ಬೊಂಬೆಗಳಿಗೆ ಕಣ್ಣಿಲ್ಲ, ಮೂಗಿಲ್ಲ. ಒಂದಕ್ಕೆ ತಲೆಯೇ ಇಲ್ಲ. ಅದಕ್ಕೇ ದೊಡ್ಡವನಾದನಂತೆ. ಮೈತುಂಬ ಗೋಣಿಯ ನೇಯ್ಗೆ ಮೂಡಿದೆಯಲ್ಲ, ಅದು ಬಡವರ ಚರ್ಮವೆಂದು, ಅವನು ಬಹಳ ಯೋಚಿಸಿ ಮಾಡಿದ್ದೆಂದು ಬಾಯಾರು ಇಪ್ಪತ್ತು ಪುಟ ಬರೆದಿದ್ದರು. ಓದಿ ಹೇಳಿದರು. ನಾನು ತಂಬಾಕು ತಿಕ್ಕುತ್ತ ಕೇಳಿದೆ.

ಅವರು ಬಂದ ಅವಸರ ಬೇರೆಯೇ ಇತ್ತು. ಅವರ ಕಾಲೇಜಿನ ಅಂಗಳದಲ್ಲಿ ಅಂಥದೇ ಒಂದು ಬೊಂಬೆ, ಆದರೆ ಸಹಿ ಇಲ್ಲ. ಅವನದೆಂದು ಸಾಕ್ಷಿ ಸಿಗದಿದ್ದರೆ ಸೋಮವಾರ ಒಡೆಸಿ ಸೈಕಲ್ ಸ್ಟ್ಯಾಂಡ್ ಕಟ್ಟಿಸುವುದಾಗಿ ಪ್ರಿನ್ಸಿಪಾಲರು ಹೇಳಿದ್ದರು. ಬಾಯಾರ ಕಣ್ಣು ಕೆಂಪಾಗಿತ್ತು. ಒಂದು ದಿನದ ಕೆಲಸ ಬಿಟ್ಟು ಅವರ ಜೊತೆ ಬಸ್ಸು ಹತ್ತಿದೆ.

ಬೊಂಬೆಯ ಮುಂದೆ ನೋಡುವಂಥದೇನೂ ಇರಲಿಲ್ಲ. ಹಿಂದೆ ಹೋದೆ, ಬಾಯಾರೂ ಪ್ರಿನ್ಸಿಪಾಲರೂ ಬಂದರು. ಹರಿದ ಗೋಣಿಗೆ ನಾನು ನಮ್ಮೂರ ಕೌದಿಗೆ ಹಾಕುವಂತೆ ತೇಪೆ ಹಾಕಿ, ಮೂಲೆಗೆ ಮುಕ್ಕೋನದ ತುಂಡು ಹೊಲಿಯುತ್ತಿದ್ದೆ. ಬೆನ್ನಿನ ಮೇಲೆ ಅದೇ ತೇಪೆ, ಅದೇ ಮೂಲೆ ಅಚ್ಚಾಗಿ ಕೂತಿತ್ತು.

"ಅವಂದ ಐತ್ರಿ. ತ್ರ್ಯಂಬಕಕ್ಕ ಹೋಗೊ ಜೀಪ್ ತಪ್ಪತೈತಂತ, ಸಿಮೆಂಟ್ ಬಿಗಿಯೊ ಮೊದ್ಲ ನಾ ಗೋಣಿ ಸುತ್ತಿದ್ನಿ, ಅದರ ಅಚ್ಚು ಮೂಡಿತು. ತಪ್ಪು ನಂದು. ಬಾಯಿಗೆ ಬಂದಂಗ ಬೈದ. ಎರಡು ದಿನ ಅದನ್ನ ನೋಡಕೋತ ಕುಂತ. ಆಮ್ಯಾಲ ಎಲ್ಲಾದಕ್ಕೂ ಹಂಗ ಸುತ್ತು ಅಂದ."

ಪ್ರಿನ್ಸಿಪಾಲರಿಗೆ ಕನ್ನಡ ಬಾರದು. ನನಗೆ ಮರಾಠಿ ಬರುತ್ತಿತ್ತು, ಬೇಕೆಂದೇ ಆಡಲಿಲ್ಲ. ಇಪ್ಪತ್ತು ಪುಟ ಬರೆದವರು ಅವರು, ಅವರೇ ಹೇಳಲಿ.

ಬಾಯಾರು ನನ್ನ ಕಿವಿಯ ಹತ್ತಿರ ಬಾಗಿ ಕೇಳಿದರು. "ಮೌಶಿ, ತಪ್ಪಿಂದ ಆತು ಅಂತ ಹೇಳಲೇಬೇಕಾ?"

"ಬ್ಯಾಡ ಬಿಡ್ರಿ ಬಾಯಾರ. ಸೈಕಲ್ ನಿಲ್ಲಸ್ರಿ."

ಹೇಳಿದರು. ಒಂದೂ ಮಾತು ಬಿಡದೆ, ತಲೆ ತಗ್ಗಿಸಿ ಹೇಳಿದರು. ಪ್ರಿನ್ಸಿಪಾಲರು ನಂಬಲಿಲ್ಲ. ರೊಟ್ಟಿ ಕಟ್ಟಿಕೊಂಡು ಹೋಗಿದ್ದ ನನ್ನ ಅದೇ ಮುಕ್ಕೋನದ ತೇಪೆಯ ಗೋಣಿಚೀಲವನ್ನು ಬೊಂಬೆಯ ಬೆನ್ನಿಗೆ ಹಿಡಿದೆ. ಹೊಲಿಗೆಗೆ ಹೊಲಿಗೆ ಕೂಡಿತು. ಸೈಕಲ್ ಸ್ಟ್ಯಾಂಡು ಪಾಯಖಾನೆಯ ಹಿಂದಕ್ಕೆ ಹೋಯಿತು.

ಇಪ್ಪತ್ತು ಪುಟ ಮತ್ತೆ ಬರೆಯಬೇಕೆಂದು ಬಾಯಾರು ಬಸ್ ಸ್ಟ್ಯಾಂಡಿನಲ್ಲಿ ಮುಖ ಸಣ್ಣ ಮಾಡಿದರು. ಜೀಪಿನ ಅವಸರ ಎಂದು ಬರೆದರೆ ಒಂದೇ ಸಾಲು ಸಾಕು ಎಂದೆ.

ಮರುದಿನ ಬೆಳಿಗ್ಗೆ ಸಾತಪುರದಲ್ಲಿ, ಹೊಸದಾಗಿ ಸಿಮೆಂಟು ಗಿಲಾವು ಮಾಡಿದ ಕಂಬಕ್ಕೆ ಹೆಬ್ಬೆರಳು ಒತ್ತಿ ನೋಡಿದೆ. ಬಿಗಿದಿರಲಿಲ್ಲ. ಗೋಣಿ ಪಕ್ಕಕ್ಕಿಟ್ಟು ರೊಟ್ಟಿ ತಿಂದೆ.