ಮಾತು ಮುಗಿಯುವ ತನಕ

ನನಗೆ ಚಿಕ್ಕಂದಿನಿಂದ ಉಗ್ಗು. ಕಮಲಾಪುರದ ನಮ್ಮ ಮನೆಯಲ್ಲಿ ಅದನ್ನು ಯಾರೂ ದೊಡ್ಡದು ಮಾಡಲಿಲ್ಲ. ಮುಂದೆ ಕಲಬುರಗಿಯ ಜಗತ್ ಸರ್ಕಲ್ ಹತ್ತಿರ ಸಣ್ಣದೊಂದು ಕಂಪನಿಯಲ್ಲಿ ಪ್ರೋಗ್ರಾಮ್ ಬರೆಯುವ ಕೆಲಸ ಸಿಕ್ಕಾಗ, ಹೆಚ್ಚು ಮಾತಾಡಬೇಕಿಲ್ಲವಲ್ಲ ಎಂದೇ ಖುಷಿಪಟ್ಟಿದ್ದೆ.

ಕೋಟನೂರ ಕಡೆಯ ಕಾಲೇಜೊಂದರಲ್ಲಿ ಊರಿನ ಪ್ರೋಗ್ರಾಮರ್‌ಗಳೆಲ್ಲ ಕೂಡಿ ಒಂದು ಸಮಾವೇಶ ಮಾಡಿದರು. ಬೆಳಿಗ್ಗೆ ಅತಿಥಿಗಳ ಭಾಷಣ. ಮಧ್ಯಾಹ್ನದ ಹೊತ್ತು ಮಾತ್ರ ಸಭೆಗೆ ಬಂದವರದೇ: ಯಾರು ಬೇಕಾದರೂ ತಮ್ಮ ವಿಷಯವನ್ನು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಬಹುದು, ಆಸಕ್ತಿ ಇದ್ದವರು ಅವರೊಂದಿಗೆ ಒಂದು ಕೋಣೆಯಲ್ಲಿ ಕೂಡಬಹುದು. ನಾನೂ ಅಂಟಿಸಿದೆ. ಅದನ್ನು ಮೈಕಿನಲ್ಲಿ ಹೇಳಬೇಕು ಎಂಬುದು ಆಮೇಲೆ ತಿಳಿಯಿತು.

'ಮೊಬೈಲು ನನ್ನ ಮಾತು ಕೇಳೂದಿಲ್ಲ' ಎಂದಷ್ಟೇ ಹೇಳಬೇಕಿತ್ತು. 'ಮೊ'ದಲ್ಲೇ ಸಿಕ್ಕಿಕೊಂಡೆ. ಮುಂದೆ ಕೂತಿದ್ದ ಒಬ್ಬರು ಪಾಪ, ಸಹಾಯ ಮಾಡಲೆಂದು, "ಮೊಬೈಲೇನ್ರಿ?" ಎಂದರು. ಅವರ ಹಿಂದಿದ್ದ ಹೆಂಗಸೊಬ್ಬಳು ಮೆಲ್ಲಗೆ, "ತಡೀರಿ, ಅವರೇ ಹೇಳ್ತಾರ" ಎಂದಳು. ಸಭೆ ಕಾಯಿತು. ನಾನು ಹೇಳಿದೆ.

ನನ್ನ ಕೋಣೆಗೆ ಬಂದವರು ಕೆಲವೇ ಜನ. ಆ ಹೆಂಗಸೂ ಬಂದಿದ್ದಳು. ಹೆಸರು ಹೇಳಿದರೆ ಫೋನ್ ಹಚ್ಚಿಕೊಡುವ ಸಣ್ಣ ಆ್ಯಪ್ ಒಂದನ್ನು ನಾನು ಮಾಡಿದ್ದೆ. ಮಾಡಿದವನ ಮಾತೇ ಅದಕ್ಕೆ ತಿಳಿಯುತ್ತಿರಲಿಲ್ಲ. ನಾನು ತಡೆದು ನಿಂತರೆ, ಮಾತು ಮುಗಿಯಿತೆಂದು ಅದು ಕಿವಿ ಮುಚ್ಚಿಕೊಳ್ಳುತ್ತಿತ್ತು.

"ನಮ್ಮ ಅಬ್ಬಾಗೂ ಹಿಂಗೇ ಆಗ್ತದ್ರಿ," ಎಂದಳು ಆಕೆ. ಅವಳ ತಂದೆ ಕಂಡಕ್ಟರ್ ಆಗಿದ್ದವರು. ಲಕ್ವಾ ಹೊಡೆದ ಮೇಲೆ ಬಲಗೈ ಬಿದ್ದುಹೋಗಿ, ಮಾತು ಹರಿದು ಹರಿದು ಬರುತ್ತಿತ್ತು. "ಯಾರಿಗಾದ್ರೂ ಫೋನ್ ಹಚ್ಚಬೇಕಂದ್ರ ನಮ್ಮನ್ನೇ ಕರೀಬೇಕು. ಅದು ಅವರಿಗೆ ಬ್ಯಾಸರ."

ಎಲ್ಲರೂ ನನ್ನ ಲ್ಯಾಪ್‌ಟಾಪ್ ಸುತ್ತ ಕುರ್ಚಿ ಎಳೆದುಕೊಂಡರು. ಆ್ಯಪ್ ಕಾಯುವ ಹೊತ್ತನ್ನು ಹಿಗ್ಗಿಸಿದೆವು. ಒಂದೇ ಅಕ್ಷರ ಮತ್ತೆ ಮತ್ತೆ ಬಂದರೆ ಒಂದೇ ಸಲ ಬಂತೆಂದು ಹಿಡಿಯುವಂತೆ ಮಾಡಿದೆವು.

"ಇಷ್ಟು ಕಾಯ್ಸಿದ್ರ ಮಂದಿಗೆ ಬ್ಯಾಸರ ಆಗ್ತದಲ್ರಿ," ಎಂದ ಒಬ್ಬ.

"ಅವಸರ ಇದ್ದವರಿಗೆ ಬ್ಯಾರೆ ಆ್ಯಪ್ ಭಾಳ ಅವ," ಎಂದಳು ಆಕೆ.

ಚಹಾದ ಹೊತ್ತಿಗೆ ನಾನು "ಅ... ಅ... ಅವ್ವ" ಎಂದೆ. ಕಮಲಾಪುರದಲ್ಲಿ ಫೋನ್ ಹೊಡೆದುಕೊಂಡಿತು. "ಯಾಕೋ, ಊಟ ಮಾಡಿಲ್ಲೇನು?" ಎಂದಳು ಅವ್ವ. ಕೋಣೆಯಲ್ಲಿದ್ದವರೆಲ್ಲ ನಕ್ಕರು. ನನ್ನ ಕಣ್ಣು ತುಂಬಿದ್ದರಿಂದ ಕಿಟಕಿಯ ಕಡೆ ತಿರುಗಿದೆ.

ಮುಂದಿನ ಭಾನುವಾರ ಆ್ಯಪ್ ಹಾಕಿಕೊಡಲೆಂದು ಮೋಮಿನಪುರದ ಆಕೆಯ ಮನೆಗೆ ಹೋದೆ. ಮಂಚದ ಮೇಲೆ ಒರಗಿದ್ದ ಅಬ್ಬಾ, "ಬೈ... ಬೈಠೋ ಬೇಟಾ," ಎಂದು ಕುರ್ಚಿ ತೋರಿಸಿದರು. ನಾನೂ ತಡವರಿಸುತ್ತಲೇ ನಮಸ್ಕಾರ ಹೇಳಿದ್ದು ಕೇಳಿ ನನ್ನ ಮುಖವನ್ನೇ ನೋಡಿದರು. ಆಮೇಲೆ ನಮಗಿಬ್ಬರಿಗೂ ಸಂಕೋಚ ಉಳಿಯಲಿಲ್ಲ.

ಅಬ್ಬಾನ ಅಕ್ಕ, ಅವರು ಆಪಾ ಎಂದು ಕರೆಯುವವರು, ನಮ್ಮ ಕಮಲಾಪುರದಲ್ಲೇ ಇದ್ದರು. ಅಬ್ಬಾ ಮೊಬೈಲಿಗೆ "ಆ..." ಎಂದು ಶುರುಮಾಡಿದರು. ಅವರ ತಡೆ ನನ್ನದಕ್ಕಿಂತ ಉದ್ದ. ಆ್ಯಪ್ ನಿಂತುಬಿಟ್ಟಿತು. ಮಗಳ ಬಾಯಿಗೆ "ಆಪಾ" ಎಂಬ ಶಬ್ದ ಬಂದೇಬಿಟ್ಟಿತ್ತು. ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಮನ್ಯಾಗ ಅವರ ಮಾತು ನಾನೇ ಮುಗಿಸಿ ಮುಗಿಸಿ ರೂಢಿ ಆಗ್ಯಾದ್ರಿ," ಎಂದು ನಾಚಿದಳು. ನಾನು ಅಲ್ಲೇ ಕೂತು ಕಾಯುವ ಹೊತ್ತನ್ನು ಇನ್ನಷ್ಟು ಉದ್ದ ಮಾಡಿದೆ.

ಎರಡನೆಯ ಸಲ ಫೋನ್ ಹೋಯಿತು. ಅಬ್ಬಾನ ಮಾತು ಹೊರಡುವುದರೊಳಗೆ ಅತ್ತ ಆಪಾ "ಹಲೋ, ಹಲೋ" ಎಂದು ಇಟ್ಟುಬಿಟ್ಟರು. ಅಬ್ಬಾ ಕೈಸನ್ನೆಯಿಂದ ನಮ್ಮನ್ನು ಸುಮ್ಮನಿರಿಸಿ ಮತ್ತೆ ತಾವೇ ಕರೆದರು. ಈ ಸಲ "ಮೈ... ಮೈಂ," ಎಂದರು, ನಾನು ಎಂದು. ಆ ಕಡೆಯಿಂದ, "ತೂ ಖುದ್ ಲಗಾಯಾ ಕ್ಯಾ?" ಎಂದು ಸಣ್ಣ ದನಿ. ನೀನೇ ಹಚ್ಚಿದೆಯಾ ಎಂದು. ಅಬ್ಬಾ ತಲೆಯಾಡಿಸಿದರು, ಫೋನಿನಲ್ಲಿ ಅದು ಕಾಣುವುದಿಲ್ಲ ಎಂಬುದನ್ನು ಮರೆತು. ಆಪಾ ಕಾದರು.

ನಾವಿಬ್ಬರೂ ಹೊರಗಿನ ಕಟ್ಟೆಗೆ ಬಂದೆವು. ಒಳಗೆ ಮಾತು ನಿಧಾನವಾಗಿ ನಡೆದೇ ಇತ್ತು. ಮುಂದಿನ ವಾರ ಊರಿಗೆ ಹೋದಾಗ ಆಪಾನ ಮನೆಗೂ ಹೋಗಿದ್ದೆ. ಕಮಲಾಪುರದಿಂದ ಮರಳಿ ಬರುವಾಗ, ಆಪಾ ತಮ್ಮನಿಗೆಂದು ಕೊಟ್ಟ ಕೆಂಪು ಬಾಳೆಹಣ್ಣಿನ ಚಿಪ್ಪನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತಿದ್ದೆ.