ಅಕ್ಕೋರು ನನ್ನ ಕಾರ್ಡುಗಳನ್ನು ಬದಿಗಿಟ್ಟರು

ಸ್ನೇಹಿತರೇ, ಇವತ್ತು ಹಳದೀಪುರದ ಶಾಲೆಯೊಂದರಲ್ಲಿ ಪಾಠ ಮಾಡುವ ಒಬ್ಬ ಅಕ್ಕೋರು ನನ್ನ ಸಂಶೋಧನೆಯನ್ನು ನನ್ನೆದುರೇ ತಿದ್ದಿದರು.

ನಾನು ಕುಮಟಾದಲ್ಲಿ ಶಿಕ್ಷಕರಾಗುವವರಿಗೆ ಪಾಠ ಮಾಡುವವನು. ಭಿನ್ನರಾಶಿ ಕಲಿಸಲು ಬಣ್ಣದ ಕಾರ್ಡುಗಳನ್ನು ಮಾಡಿದ್ದೇನೆ. ತರಗತಿಯಲ್ಲಿ ಬಳಸಿ ನೋಡುವುದು, ಎಡವಿದಲ್ಲಿ ತಿದ್ದಿ ಮತ್ತೆ ಬಳಸುವುದು ನನ್ನ ಸಂಶೋಧನೆಯ ಕ್ರಮ. ಇವತ್ತು ಎರಡನೇ ಸುತ್ತು. ನಾಲ್ಕನೇ ತರಗತಿಯ ನಾಗವೇಣಿ ಮೂರನೇ ಒಂದು, ನಾಲ್ಕನೇ ಒಂದು ಭಾಗದ ಕಾರ್ಡುಗಳನ್ನು ನೋಡಿ, "ಮೂರಕ್ಕಿಂತ ನಾಲ್ಕು ದೊಡ್ಡದು. ಹಂಗಾದ್ರೆ ನಾಲ್ಕನೇ ಒಂದು ಭಾಗವೇ ದೊಡ್ಡದು" ಎಂದಳು. ಇಡೀ ತರಗತಿ ಹೌದೆಂದಿತು.

ಅಕ್ಕೋರು ಕಾರ್ಡುಗಳನ್ನು ಬದಿಗಿಟ್ಟು ಮಕ್ಕಳನ್ನು ಜಗುಲಿಗೆ ಕರೆದರು. ನನಗೆ ಸಿಟ್ಟು ಬಂತು.

"ಅಕ್ಕೋರೇ, ನಡುವೆ ಬದಲಾಯಿಸಬೇಡಿ. ಈ ಸುತ್ತು ಮುಗೀಲಿ, ಮುಂದಿನ ತಿಂಗಳು ತಿದ್ದುವಾ."

"ಅಲ್ಲೀವರೆಗೆ ಮಕ್ಕಳು ತಪ್ಪೇ ಕಲೀಬೇಕಾ ಸರ್? ನೀವು ಬರ್ಕೊಳ್ಳಿ" ಎಂದವರೇ ಸೀಮೆಸುಣ್ಣದಲ್ಲಿ ದೂರ ದೂರ ಎರಡು ಗೆರೆ ಎಳೆದರು. ಒಂದರಿಂದ ಇನ್ನೊಂದಕ್ಕೆ ಮೊದಲು ನಾಲ್ಕು ಸಮ ಜಿಗಿತದಲ್ಲಿ ಹೋಗಬೇಕು, ಆಮೇಲೆ ಮೂರೇ ಜಿಗಿತದಲ್ಲಿ. ನಾಲ್ಕರಲ್ಲಿ ಸಲೀಸಾಗಿ ಮುಟ್ಟಿದ ನಾಗವೇಣಿ, ಮೂರರಲ್ಲಿ ಮುಟ್ಟುವಾಗ ಏದುಸಿರು ಬಿಟ್ಟಳು.

"ಅಯ್ಯೋ ಅಕ್ಕೋರೇ, ಮೂರರದ್ದೇ ದೊಡ್ಡದು!"

"ಎಂತಕ್ಕೆ?"

"ಕಡಿಮೆ ಸಲ ಹಾರೂದಾದ್ರೆ ಪ್ರತಿ ಸಲವೂ ದೂರ ಹಾರಬೇಕು!"

ಅಕ್ಕೋರು ನನ್ನತ್ತ ತಿರುಗಿ, "ಆತಲ್ಲ ಸರ್?" ಎಂದರು.

ಆತು. ಇಂಥ ಪಾಠ ನನಗೆ ಯಾವ ಸುತ್ತಿನಲ್ಲಿ ಹೊಳೆಯುತ್ತಿತ್ತೋ ಗೊತ್ತಿಲ್ಲ. ಕರಡು ವರದಿಯಲ್ಲಿ ಅವರ ಹೆಸರು 'ಸಹಕರಿಸಿದವರು' ಎಂಬಲ್ಲಿತ್ತು. ಈಗ ತಾನೇ ಅದನ್ನು ಸಂಶೋಧಕರ ಸಾಲಿಗೆ ತಂದು, ನನ್ನ ಹೆಸರಿಗಿಂತ ಮೇಲೆ ಬರೆದೆ.

ನನಗೆ ಸಿಟ್ಟು ಬಂದದ್ದನ್ನು ಮಾತ್ರ ವರದಿಗೆ ಸೇರಿಸಿಲ್ಲ. ಅದು ನಮ್ಮ ನಮ್ಮಲ್ಲೇ ಇರಲಿ.